ಕೀಲಿ, ಕೀಲಿಕೈ ಮತ್ತು ನಕಲು: ವಿದ್ಯಾಸಂಸ್ಥೆಗಳು ತಮ್ಮ ದಾಖಲೆಗಳನ್ನು ಕಾಯ್ದ ಚರಿತ್ರೆಯ ಕೆಲವು ಪುಟಗಳು

(ಅಂತರ್ಜಾಲ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧ ಮತ್ತು ಆನಂತರದ ಸಂವಾದದ ಲಿಖಿತ ರೂಪ)

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಿಂದ ಹಿಡಿದು ಕಾಸರಗೋಡು, ತಾಳವಾಡಿ, ಆದೋನಿಯವರೆಗೆ ಬೇರೆ ಬೇರೆ ಕಡೆಯಿಂದ ತಾವೆಲ್ಲ ಈ ಪರದೆಯ ಮೇಲೆ ಕೂಡಿದ್ದೀರಿ. ಹಿಂದಿನ ಗೋಷ್ಠಿಗಳಲ್ಲಿ ಗಡಿಯಾಚೆಯ ಕನ್ನಡದಲ್ಲಿ ಏನೇನು ಸಂಗ್ರಹಿಸಬೇಕು ಅನ್ನೋದರ ಬಗ್ಗೆ ಸಾಕಷ್ಟು ಮಾತು ನಡೆದಿದೆ. ಹಾಡು, ಗಾದೆ, ಬೈಗುಳ, ಶಾಸನ, ಬಾಡಿಗೆ ಚೀಟಿ ಎಲ್ಲಾ ಬಂದುಹೋದವು. ನಾನು ಕೇಳಬೇಕು ಅಂತಿರೋದು ಅದರ ಮುಂದಿನ ಪ್ರಶ್ನೆ. ಸಂಗ್ರಹಿಸಿದ್ದನ್ನು ಎಲ್ಲಿ ಇಡ್ತೀವಿ? ಕೀಲಿಕೈ ಯಾರ ಹತ್ತಿರ ಇರ್ತದೆ? ಕಳುವಾದರೆ ಯಾರಿಗೆ ನಷ್ಟ? ಕನ್ನಡ ಎಂ.ಎ. ಓದೋರಿಗೆ ಇದೇನು ಉಸಾಬರಿ, ಇದು ಕಂಪ್ಯೂಟರ್ ವಿಭಾಗದವರ ಕೆಲಸ ಅಲ್ವಾ ಅಂತ ನನ್ನ ಮಾರ್ಗದರ್ಶಕರೇ ಮೊದಲು ಕೇಳಿದ್ದರು. ಆದರೆ ಕಂಪ್ಯೂಟರ್ ಅನ್ನೋದು ಹುಟ್ಟುವುದಕ್ಕೆ ಬಹಳ ಮುಂಚೆಯೇ ಈ ತಲೆನೋವು ಇತ್ತು. ಅದನ್ನು ಅನುಭವಿಸಿದವರು ಹೆಚ್ಚಾಗಿ ಪುಸ್ತಕದ ಜನ, ಓಲೆಗರಿಯ ಜನ.

ಮೊದಲಿಗೆ ಒಂದು ಶಬ್ದದ ಮಾತು. ನಮ್ಮ ಕಡೆ, ಅಂದರೆ ಅಕ್ಕಲಕೋಟೆ, ಸೊಲ್ಲಾಪುರ, ವಿಜಯಪುರದ ಕಡೆ, ಕೀಲಿ ಅಂದ್ರೆ ಬೀಗ. ಅದನ್ನು ತೆಗೆಯೋದು ಕೀಲಿಕೈ. ಪಕ್ಕದ ಮನೆಯ ಮರಾಠಿಯಲ್ಲಿ ಕಿಲ್ಲಿ ಅಂದ್ರೆ ತೆಗೆಯುವ ಸಾಧನ, ಬೀಗಕ್ಕೆ ಕುಲುಪು ಅಂತಾರೆ. ಹೀಗಾಗಿ ಎರಡೂ ಭಾಷೆ ಬೆರೆತ ಮನೆಯಲ್ಲಿ 'ಕೀಲಿ ಕೊಡು' ಅಂದ್ರೆ ಒಬ್ಬರು ಬೀಗ ತರ್ತಾರೆ, ಇನ್ನೊಬ್ಬರು ಕೀಲಿಕೈ ತರ್ತಾರೆ. ಈ ಪ್ರಬಂಧದಲ್ಲಿ ನಾನು ನಮ್ಮ ಕಡೆಯ ಅರ್ಥದಲ್ಲೇ ಬಳಸ್ತೀನಿ. ಮೈಸೂರು ಕಡೆಯವರು ಗೊಂದಲ ಮಾಡಿಕೊಳ್ಳಬಾರದು.

ಇನ್ನು, ನಮ್ಮ ಸಂಗ್ರಹದಲ್ಲಿ ಕಾಯಬೇಕಾದ್ದು ಏನಿದೆ? ಹಂತಿ ಪದ, ಬೀಸುವ ಪದಗಳನ್ನು ಯಾರು ಕದ್ದರೇನು ಅನ್ನಬಹುದು. ಆದರೆ ಹಾಡು ಹೇಳಿದ ಮೇಲೆ ಅಜ್ಜಿ ಮಾತಾಡ್ತಾಳೆ. ಮಗ ಯಾವ ಶಾಲೆಗೆ ಹೋದ, ಯಾಕೆ ಕನ್ನಡ ಶಾಲೆ ಬಿಡಿಸಿದರು, ಹೊಲ ಯಾರ ಹೆಸರಿಗಿದೆ, ಯಾವ ಜಾತಿಯವರು ಬಾವಿಗೆ ಬರ್ತಿರಲಿಲ್ಲ, ಯಾವ ರಾಜ್ಯಕ್ಕೆ ಸೇರಿದ್ರೆ ಚೆನ್ನಾಗಿತ್ತು. ಗಡಿ ಸೀಮೆಯಲ್ಲಿ 'ನಿಮ್ಮ ಮನೆಮಾತು ಯಾವುದು' ಅನ್ನೋ ಪ್ರಶ್ನೆಯೇ ಸಲೀಸಾದದ್ದಲ್ಲ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಆಗಿನ ಮೈಸೂರು ರಾಜ್ಯಕ್ಕೆ, ನಿಪ್ಪಾಣಿ, ಖಾನಾಪುರದ ಕಡೆಯ ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಶಿಫಾರಸು ಮಾಡಿತು. ಯಾವುದೂ ಜಾರಿಯಾಗಲಿಲ್ಲ. ಆ ಲೆಕ್ಕಾಚಾರದಲ್ಲಿ ಊರೂರಿನ ಭಾಷಾ ಅಂಕಿಗಳೇ ದೊಡ್ಡ ಸಾಕ್ಷಿಗಳಾಗಿದ್ದವು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಹೀಗಿರುವಾಗ ಒಬ್ಬ ಅಂಗನವಾಡಿ ಸಹಾಯಕಿ, ಸರಕಾರಿ ಸಂಬಳ ತಿನ್ನೋಳು, ನನ್ನ ಮೊಬೈಲಿನ ಮುಂದೆ ಗಡಿ ಬಗ್ಗೆ ಮನಸು ಬಿಚ್ಚಿ ಮಾತಾಡಿದ್ದರೆ ಆ ದನಿಗೆ ಮತ್ತು ಅವಳ ಹೆಸರಿಗೆ ಕಾವಲು ಬೇಕು. ಕದ್ದವರಿಗೆ ಅದರ ಬೆಲೆ ಗೊತ್ತಿರಲಿಕ್ಕಿಲ್ಲ. ಅವಳಿಗೆ ಗೊತ್ತಿದೆ.

ಈಗ ಹಳೆಯ ಪುಟಗಳಿಗೆ ಬರ್ತೀನಿ. ವಿಶ್ವವಿದ್ಯಾಲಯವೊಂದರ ದಾಖಲೆಗಳು ಬಲಾತ್ಕಾರದಿಂದ ಹೊರಬಿದ್ದ ಪ್ರಸಿದ್ಧ ಪ್ರಸಂಗ ಇಂಗ್ಲೆಂಡಿನ ಕೇಂಬ್ರಿಜ್‌ನದು, 1381ರ ಜೂನ್ 15 ಮತ್ತು 16ರಂದು ನಡೆದದ್ದು. ಆ ಬೇಸಿಗೆ ಇಂಗ್ಲೆಂಡಿನಲ್ಲಿ ರೈತರ ದಂಗೆ ಎದ್ದಿತ್ತು, ತಲೆಗಂದಾಯದ ವಿರುದ್ಧ. ಕೇಂಬ್ರಿಜ್ ಊರಿನವರಿಗೆ ಅದಕ್ಕಿಂತ ಹಳೆಯ ಸಿಟ್ಟೊಂದಿತ್ತು. ವಿಶ್ವವಿದ್ಯಾಲಯಕ್ಕೆ ರಾಜರು ಕೊಟ್ಟ ಸನ್ನದುಗಳಿದ್ದವು. ಆ ಸನ್ನದುಗಳ ಬಲದಿಂದ ವಿದ್ವಾಂಸರ ಮೇಲೆ ಊರಿನ ನ್ಯಾಯಾಲಯದ ಅಧಿಕಾರ ನಡೀತಿರಲಿಲ್ಲ. ಕಾರ್ಪಸ್ ಕ್ರಿಸ್ಟಿ ಕಾಲೇಜು ಊರಿನ ಬಹಳಷ್ಟು ಮನೆಗಳ ಬಾಡಿಗೆ ವಸೂಲು ಮಾಡ್ತಿತ್ತು. ಗುಂಪು ಮೊದಲು ಆ ಕಾಲೇಜಿಗೇ ನುಗ್ಗಿತು. ಭಾನುವಾರ ಗ್ರೇಟ್ ಸೇಂಟ್ ಮೇರೀಸ್ ಚರ್ಚಿನಲ್ಲಿ ಪೂಜೆ ನಡೀತಿರುವಾಗಲೇ ಒಳಗೆ ಹೊಕ್ಕು ವಿಶ್ವವಿದ್ಯಾಲಯದ ಪೆಟ್ಟಿಗೆ ಒಡೆದರು. ಕಾರ್ಮೆಲೈಟ್ ಸನ್ಯಾಸಿಗಳ ಮಠದಲ್ಲಿದ್ದ ಇನ್ನೊಂದು ಪೆಟ್ಟಿಗೆಯ ಗತಿಯೂ ಅದೇ. ಸನ್ನದು, ಕಾಗದಪತ್ರ, ಪುಸ್ತಕಗಳನ್ನು ಸಂತೆ ಚೌಕಕ್ಕೆ ಹೊತ್ತು ತಂದು ಬೆಂಕಿಯಿಟ್ಟರು. ಮಾರ್ಜರಿ ಸ್ಟಾರ್ ಎಂಬ ಮುದುಕಿ ಆ ಬೂದಿಯನ್ನು ಗಾಳಿಗೆ ತೂರುತ್ತ ಈ ಪಂಡಿತರ ವಿದ್ಯೆ ತೊಲಗಲಿ ಅಂತ ಕೂಗಿದಳು ಅನ್ನೋ ಮಾತು ಇತಿಹಾಸದಲ್ಲಿ ಉಳಿದಿದೆ. ವಿಶ್ವವಿದ್ಯಾಲಯದವರಿಂದ ತಮ್ಮ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದೇವೆ ಅಂತ ಬರೆಸಿ ಮುದ್ರೆಯನ್ನೂ ಹಾಕಿಸಿಕೊಂಡರು.

ಇದರಿಂದ ಊರಿನವರಿಗೆ ಸಿಕ್ಕಿದ್ದೇನು? ಕೆಲವೇ ದಿನಗಳಲ್ಲಿ ನಾರಿಚ್‌ನ ಬಿಷಪ್ ಡೆಸ್ಪೆನ್ಸರ್ ಸೈನ್ಯ ತಂದು ದಂಗೆ ಹತ್ತಿಕ್ಕಿದ. ಮರುವರ್ಷ ರಾಜನು ಕೇಂಬ್ರಿಜ್‌ನ ರೊಟ್ಟಿ, ಬಿಯರು, ತೂಕ, ಅಳತೆಗಳ ಮೇಲಿನ ಅಧಿಕಾರವನ್ನೇ ಊರಿನವರಿಂದ ಕಿತ್ತು ವಿಶ್ವವಿದ್ಯಾಲಯಕ್ಕೆ ಕೊಟ್ಟ. ಸುಟ್ಟಿದ್ದಕ್ಕಿಂತ ಹೆಚ್ಚಿನ ಅಧಿಕಾರ ವಿದ್ವಾಂಸರ ಕೈಗೆ ಬಂತು. ಆದರೆ ಆ ವಿಶ್ವವಿದ್ಯಾಲಯದ ಮೊದಲ ನೂರೈವತ್ತು ವರ್ಷಗಳ ದಾಖಲೆಗಳು ಇವತ್ತು ಬಲು ಕಡಿಮೆ ಇರುವುದಕ್ಕೆ ಆ ಭಾನುವಾರದ ಬೆಂಕಿ ಒಂದು ಮುಖ್ಯ ಕಾರಣ.

ಈ ಪ್ರಸಂಗವನ್ನು ಬರೀ 'ಅನಕ್ಷರಸ್ಥರ ದಾಂಧಲೆ' ಅಂತ ಓದಿ ಮುಗಿಸೋದು ನನಗೆ ಒಪ್ಪಿಗೆಯಿಲ್ಲ. ಆ ಪೆಟ್ಟಿಗೆಯಲ್ಲಿ ಏನಿದೆ, ಅದು ತಮ್ಮನ್ನು ಹೇಗೆ ಕಟ್ಟಿಹಾಕಿದೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಓದಲು ಬಾರದಿದ್ದರೂ ಯಾವ ಕಾಗದ ಸುಡಬೇಕು ಅಂತ ತಿಳಿದವರು ಅವರು. ನಮ್ಮ ಕಡೆ ಸಾವುಕಾರನ ಖಾತೆ ವಹಿ ಸುಟ್ಟ 1875ರ ದಖ್ಖನ್ ದಂಗೆಯನ್ನು ನೆನಪಿಸಿಕೊಳ್ಳಿ. ಪುಣೆ, ಅಹ್ಮದನಗರ ಜಿಲ್ಲೆಯ ರೈತರೂ ಮನೆಗಳನ್ನು ಬಿಟ್ಟು ಮೊದಲು ಹುಡುಕಿದ್ದು ಸಾಲದ ಪತ್ರಗಳನ್ನೇ. ಮಾಹಿತಿ ಯಾರ ಬಗ್ಗೆ ಇದೆಯೋ ಅವರಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲದೆ ಹೋದಾಗ ಪೆಟ್ಟಿಗೆಗೆ ಎಷ್ಟು ಕೀಲಿ ಜಡಿದರೂ ಉಪಯೋಗ ಇಲ್ಲ. ಈ ಮಾತಿಗೆ ಆಮೇಲೆ ಮತ್ತೆ ಬರಬೇಕಾಗ್ತದೆ.

ಆಕ್ಸ್‌ಫರ್ಡ್‌ನ ಪೆಟ್ಟಿಗೆಗಳ ಕತೆ ಶಾಂತವಾದದ್ದು. 1240ರ ಹೊತ್ತಿಗೆ ಅಲ್ಲಿ ಸೇಂಟ್ ಫ್ರೈಡ್ಸ್‌ವೈಡ್ ಪೆಟ್ಟಿಗೆ ಅಂತ ಒಂದನ್ನು ಇಟ್ಟರು. ಬಡ ವಿದ್ಯಾರ್ಥಿ ತನ್ನ ಪುಸ್ತಕ ಅಡವಿಟ್ಟು ಅದರಿಂದ ಬಡ್ಡಿಯಿಲ್ಲದೆ ಸಾಲ ತಗೋಬಹುದಿತ್ತು. ಇಂಥ ಪೆಟ್ಟಿಗೆಗಳು ಕ್ರಮೇಣ ಹೆಚ್ಚಾದವು. ಒಂದೇ ಪೆಟ್ಟಿಗೆಗೆ ಹಲವು ಕೀಲಿ, ಒಂದೊಂದು ಕೀಲಿಕೈ ಒಬ್ಬೊಬ್ಬ ಪಾಲಕನ ಹತ್ತಿರ. ಎಲ್ಲರೂ ಸೇರದೆ ತೆಗೆಯೋ ಹಾಗಿಲ್ಲ. ನಮ್ಮ ಊರ ಜಾತ್ರೆಯ ಹುಂಡಿಯನ್ನು ಪಂಚರೆಲ್ಲ ಕೂಡಿ ತೆಗೆಯೋದನ್ನು ಕಂಡವರಿಗೆ ಇದು ಹೊಸದೇನಲ್ಲ. ಆ ಹೆಚ್ಚಿನ ಕೀಲಿಗಳು ಇದ್ದದ್ದು ಹೊರಗಿನ ಕಳ್ಳನಿಗಾಗಿ ಅಲ್ಲ, ಅವನು ಪೆಟ್ಟಿಗೆಯನ್ನೇ ಕೊಡಲಿಯಿಂದ ಒಡೀತಾನೆ. ಅವು ಪಾಲಕನಿಗಾಗಿ ಇದ್ದವು.

ಪುಸ್ತಕಕ್ಕೆ ಸರಪಳಿ ಹಾಕೋ ಪದ್ಧತಿಯೂ ಆಗಲೇ ಬೆಳೆಯಿತು. ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ ದೊಡ್ಡ ಗ್ರಂಥಾಲಯ, ಸಣ್ಣ ಗ್ರಂಥಾಲಯ ಅಂತ ಎರಡಿದ್ದವು. ದೊಡ್ಡದರಲ್ಲಿ ಎಲ್ಲರಿಗೂ ಬೇಕಾದ ಪುಸ್ತಕ ಸರಪಳಿಯಲ್ಲಿ, ಸಣ್ಣದರಲ್ಲಿ ಎರವಲು ಕೊಡುವ ಪ್ರತಿಗಳು. ಸರಪಳಿಯನ್ನು ರಟ್ಟಿನ ಮುಂಭಾಗದ ಅಂಚಿಗೆ ಹಾಕ್ತಿದ್ದರು; ಹಾಗಾಗಿ ಪುಸ್ತಕದ ಬೆನ್ನು ಒಳಗೆ, ಹಾಳೆಯ ಅಂಚು ಹೊರಗೆ ಬರೋ ಹಾಗೆ ಜೋಡಿಸಬೇಕಿತ್ತು. ಇಂಗ್ಲೆಂಡಿನ ಹೆರಿಫರ್ಡ್ ಚರ್ಚಿನಲ್ಲಿ ಅಂಥ ಗ್ರಂಥಾಲಯ ಈಗಲೂ ಹಾಗೇ ಇದೆ. ಆಕ್ಸ್‌ಫರ್ಡ್‌ನಲ್ಲಿ ಸರಪಳಿ ಬಿಚ್ಚಿದ್ದು 18ನೇ ಶತಮಾನದಲ್ಲಿ, ಅಚ್ಚಿನಿಂದ ಪುಸ್ತಕ ಅಗ್ಗವಾಗಿ ಬಹಳ ಕಾಲವಾದ ಮೇಲೆ. ಇವತ್ತು ಕಂಪ್ಯೂಟರ್ ಲ್ಯಾಬಿನಲ್ಲಿ ಲ್ಯಾಪ್‌ಟಾಪಿನ ಪಕ್ಕದ ಸಣ್ಣ ತೂತಿಗೆ ಉಕ್ಕಿನ ತಂತಿ ಸಿಕ್ಕಿಸಿ ಮೇಜಿಗೆ ಕಟ್ಟೋದನ್ನು ನೋಡಿರ್ತೀರಿ. 1990ರ ದಶಕದಲ್ಲಿ ಕೆನ್ಸಿಂಗ್‌ಟನ್ ಕಂಪನಿಯಿಂದ ಹಬ್ಬಿದ ಆ ಪದ್ಧತಿ ಸೋರ್ಬಾನ್‌ನ ಸರಪಳಿಯ ಮೊಮ್ಮಗ. ವಸ್ತು ಉಳಿಯುತ್ತದೆ, ಒಳಗಿನದರ ಬಗ್ಗೆ ಅದು ಏನೂ ಮಾಡಲಾರದು.

ಈಗ ನಮ್ಮ ನಾಡಿನ ಪುಟ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ತೀನಿ, ಯಾಕಂದ್ರೆ ಇದರಲ್ಲಿ ಮೂಡಬಿದಿರೆಯೂ ಇದೆ, ನಮ್ಮ ಸೊಲ್ಲಾಪುರವೂ ಇದೆ.

ದಿಗಂಬರ ಜೈನರ ಪರಮ ಆಗಮ ಷಟ್ಖಂಡಾಗಮ. ಅದರ ಮೇಲೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ಮಹಾ ಟೀಕೆ ಧವಲಾ. ಇದರ, ಮತ್ತು ಜಯಧವಲಾ, ಮಹಾಧವಲಾ ಅಂತ ಕರೆಯುವ ಗ್ರಂಥಗಳ, ಹಳೆಯ ಓಲೆಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ರತ್ನದ ಬಿಂಬಗಳ ಜತೆ ಅವುಗಳಿಗೂ ಕೀಲಿ. ಯಾತ್ರಿಕರು ದೂರದಿಂದ ದರ್ಶನ ಮಾಡಿ ಕೈಮುಗಿದು ಹೋಗಬಹುದು. ಓದೋದು ಅನ್ನೋ ಪ್ರಶ್ನೆಯೇ ಇಲ್ಲ. ಇದನ್ನು ಕುರುಡು ಸಂಪ್ರದಾಯ ಅಂತ ಬೈಯೋದು ಸುಲಭ. ಆದರೆ ಬೇರೆಲ್ಲ ಕಡೆ ನಾಶವಾದ ಗ್ರಂಥ ಅಲ್ಲಿ ಉಳಿದದ್ದು ಆ ಬಿಗಿಯಿಂದಲೇ. ಅದೇ ಬಿಗಿಯಿಂದ ಒಳಗೊಳಗೇ ಗರಿಗಳು ಮುರೀತಾ ಇದ್ದದ್ದೂ ನಿಜ.

1883ರ ಸುಮಾರಿಗೆ ಮುಂಬೈಯ ಸೇಠ್ ಮಾಣಿಕಚಂದ್ ಯಾತ್ರೆಗೆ ಬಂದು ಈ ಓಲೆಗಳ ಸ್ಥಿತಿ ಕಂಡರು. ಅವರು ಬರೆದು ತಿಳಿಸಿದ್ದು ಸೊಲ್ಲಾಪುರದ ಸೇಠ್ ಹಿರಾಚಂದ್ ನೇಮಚಂದ್ ಅವರಿಗೆ. ಹಿರಾಚಂದರೂ ಮೂಡಬಿದಿರೆಗೆ ಹೋಗಿ ನೋಡಿಬಂದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಆ ಹಳೆಯ ಲಿಪಿ ಓದಬಲ್ಲವರಾಗಿದ್ದರು. ಹಣ ಕೂಡಿಸಿ, ಬಸದಿಯವರನ್ನು ಒಪ್ಪಿಸಿ, 1896ರ ಹೊತ್ತಿಗೆ ನಕಲು ಕೆಲಸ ಶುರುವಾಯಿತು. ಬ್ರಹ್ಮಸೂರಿಗಳ ಜತೆ ಮಿರಜ ಕಡೆಯ ಗಜಪತಿ ಶಾಸ್ತ್ರಿಗಳು ಕೂತರು. ಬ್ರಹ್ಮಸೂರಿಗಳು ತೀರಿಕೊಂಡ ಮೇಲೆ ಗಜಪತಿಗಳೇ ಮುಂದುವರಿಸಿದರು. ಮೂರೂ ಗ್ರಂಥಗಳ ನಕಲು ಮುಗಿಯುವಾಗ 1922. ಹೆಚ್ಚೂಕಡಿಮೆ 26 ವರ್ಷ. ಬಸದಿಯವರ ಷರತ್ತು ಒಂದೇ: ನಕಲು ಮಾಡಿ, ಆದರೆ ನಕಲೂ ಇಲ್ಲೇ ಇರಬೇಕು, ಹೊರಗೆ ಹೋಗಬಾರದು.

ಇಲ್ಲಿಂದ ಮುಂದಿನದು ಸಿನಿಮಾ ಥರ ಇದೆ. ಗಜಪತಿ ಶಾಸ್ತ್ರಿಗಳು ಹಗಲು ಬಸದಿಗಾಗಿ ಬರೀತಾ, ತಮ್ಮ ಹೆಂಡತಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಮಾಡಿಟ್ಟರು. ಅದನ್ನು ಹಿಡಿದು ಮೊದಲು ಸೊಲ್ಲಾಪುರಕ್ಕೇ ಬಂದರು. ಹಿರಾಚಂದರು ಬೇಡ ಅಂದರು, ಮಾಣಿಕಚಂದರೂ ಕೊಳ್ಳಲಿಲ್ಲ. ಕೊಟ್ಟ ಮಾತಿಗೆ ತಪ್ಪಿ ಬಂದ ಪ್ರತಿ ಅದು. ಕೊನೆಗೆ ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದ್ ಅದನ್ನು ತೆಗೆದುಕೊಂಡು ತಮ್ಮ ಮಂದಿರದಲ್ಲಿ ಇಟ್ಟರು. ಅಲ್ಲಿ ಕನ್ನಡ ಲಿಪಿ ಓದುವವರಿಲ್ಲ. ನಾಗರಿಗೆ ಇಳಿಸಲು ಪಂಡಿತರನ್ನು ಕೂರಿಸಿದರು. ಅವರಲ್ಲೊಬ್ಬರಾದ ಸೀತಾರಾಮ ಶಾಸ್ತ್ರಿಗಳು ಯಜಮಾನರಿಗಾಗಿ ಒಂದು ಪ್ರತಿ ಮಾಡುತ್ತ ತಮಗಾಗಿ ಇನ್ನೊಂದು ಮಾಡಿಕೊಂಡರು! ಆ ಪ್ರತಿಯಿಂದ ಆರಾ, ಸಾಗರ, ಕಾರಂಜಾ ಹೀಗೆ ಊರೂರಿಗೆ ನಕಲುಗಳು ಹರಡಿದವು. ಕೀಲಿ ಒಂದೂ ಮುರಿದಿರಲಿಲ್ಲ. ಎರಡು ಸಲವೂ ಹೊರಗೆ ಹೋದದ್ದು ಒಳಗೆ ಕೂತು ಬರೆಯುವ ಅಧಿಕಾರವಿದ್ದವನ ಕೈಯಿಂದ.

ಈ ಹರಡಿದ ಪ್ರತಿಗಳಿಂದಲೇ ಅಮರಾವತಿಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಹೀರಾಲಾಲ್ ಜೈನ್ 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚು ಹಾಕಿಸಿದರು. ಬೆಳಗಾವಿ ಸೀಮೆಯ ಸದಲಗಾದಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಪಾಠ ಹೇಳುತ್ತಿದ್ದ ನಮ್ಮ ಆ.ನೇ. ಉಪಾಧ್ಯೆಯವರು ಆ ಕೆಲಸದಲ್ಲಿ ಜತೆಗಿದ್ದರು. 16 ಸಂಪುಟ ಮುಗಿಯುವಾಗ 1958. ಗಜಪತಿ ದಂಪತಿಗಳ ಕಳವಿಲ್ಲದಿದ್ದರೆ ವಿದ್ವತ್ ಲೋಕಕ್ಕೆ ಆ ಗ್ರಂಥ ಇನ್ನೆಷ್ಟು ದಶಕ ಕಾದಿರುತ್ತಿತ್ತೋ. ಆದರೆ ಈ ಕತೆಯನ್ನು 'ಜ್ಞಾನ ಬಿಡುಗಡೆಯಾಯಿತು' ಅಂತ ಸಂಭ್ರಮದಿಂದ ಹೇಳಿ ನಿಲ್ಲಿಸೋರು ಮುಂದಿನ ಭಾಗ ಬಿಟ್ಟುಬಿಡ್ತಾರೆ. ಗುಟ್ಟಿನ ನಕಲಿನ ನಕಲಿನ ನಕಲಿನಲ್ಲಿ ಪಾಠ ಜಾರಿಹೋಗಿತ್ತು. ಮೊದಲ ಸಂಪುಟದ 93ನೇ ಸೂತ್ರದಲ್ಲಿ 'ಸಂಜದ' ಅನ್ನೋ ಒಂದು ಪದ ಇರಲಿಲ್ಲ. ಇಲ್ಲಿ ಆ ಪದ ಬಿಟ್ಟಿರಬಹುದು ಅಂತ ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರಿಗೆ ಪೂರ್ಣ ಸಂಯಮ ಸಾಧ್ಯವೇ ಅನ್ನೋ ಹಳೆಯ ವಾದಕ್ಕೆ ಆ ಒಂದು ಪದ ತಗುಲುತ್ತಿತ್ತು, ಹಾಗಾಗಿ ಪಂಡಿತರ ನಡುವೆ ದೊಡ್ಡ ಜಗಳವೇ ಆಯಿತು. ಜಗಳ ಬಗೆಹರಿಸೋಕೆ ಎಲ್ಲಿಗೆ ಹೋಗಬೇಕಾಯಿತು ಹೇಳಿ? ಮೂಡಬಿದಿರೆಗೇ. ಅಷ್ಟು ಹೊತ್ತಿಗೆ ಬಸದಿಯವರ ಮನಸ್ಸೂ ತಿಳಿಯಾಗಿತ್ತು. ಮೂಲ ಓಲೆಯ ಜತೆ ತಾಳೆ ನೋಡಲು ಒಪ್ಪಿದ್ದರು. ಓಲೆಯಲ್ಲಿ ಆ ಪದ ಇತ್ತು. ನಕಲು ಗ್ರಂಥವನ್ನು ಲೋಕಕ್ಕೆ ಕೊಟ್ಟಿತು. ಸರಿಯಾದ ಪಾಠ ಕೊಟ್ಟಿದ್ದು ಕೀಲಿಯೊಳಗಿನ ಓಲೆ. ಆಮೇಲೆ ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಈ ಆಗಮಗಳನ್ನು ತಾಮ್ರಪಟಗಳ ಮೇಲೆಯೇ ಕೆತ್ತಿಸಿದರು. ಶಾಂತಿಸಾಗರರೂ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದವರು.

ನಕಲಿನ ಮಾತು ಬಂದಾಗ ಕನ್ನಡದವರಿಗೆ ಅತ್ತಿಮಬ್ಬೆ ನೆನಪಾಗದೆ ಇರೋದಿಲ್ಲ. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದು ಅಂತ 10ನೇ ಶತಮಾನದಲ್ಲಿ ಸಾವಿರ ಪ್ರತಿ ಬರೆಯಿಸಿ ಹಂಚಿದವಳು. ಅದನ್ನು ದಾನ ಅಂತ ನಾವು ಪಾಠದಲ್ಲಿ ಓದ್ತೀವಿ. ಅದು ಸಂರಕ್ಷಣೆಯ ತಂತ್ರವೂ ಹೌದು: ಒಂದು ಊರಿಗೆ ಬೆಂಕಿ ಬಿದ್ದರೂ ಇನ್ನೊಂದು ಊರಲ್ಲಿ ಉಳೀತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 1999ರಲ್ಲಿ ಶುರುವಾದ ಲಾಕ್ಸ್ ಅನ್ನೋ ಯೋಜನೆಯ ಹೆಸರಿನ ವಿಸ್ತಾರವೇ 'ಬಹಳ ಪ್ರತಿ ಇದ್ದರೆ ವಸ್ತು ಸುರಕ್ಷಿತ' ಅಂತ. ಬೇರೆ ಬೇರೆ ಗ್ರಂಥಾಲಯಗಳ ಯಂತ್ರಗಳು ಒಂದೇ ಪತ್ರಿಕೆಯ ಪ್ರತಿಗಳನ್ನು ಇಟ್ಟುಕೊಂಡು ಪರಸ್ಪರ ತಾಳೆ ನೋಡಿ ತಪ್ಪು ತಿದ್ದಿಕೊಳ್ತವೆ. 93ನೇ ಸೂತ್ರದ ಜಗಳ ಅಲ್ಲಿ ಆಗೋಕೆ ಆಸ್ಪದವಿಲ್ಲ.

ಆದರೆ ಅತ್ತಿಮಬ್ಬೆಯ ದಾರಿ ಶಾಂತಿಪುರಾಣಕ್ಕೆ ಸರಿ, ನಮ್ಮ ಅಂಗನವಾಡಿ ಸಹಾಯಕಿಯ ಮಾತಿಗೆ ಸರಿಹೋಗೋದಿಲ್ಲ. ಪುರಾಣ ಸಾವಿರ ಕೈಗೆ ಹೋಗಬೇಕು. ಇವಳ ದನಿ ಹೋಗಬಾರದು. ಅಳಿಯಬಾರದು ಅಂದ್ರೆ ಪ್ರತಿ ಹೆಚ್ಚಿಸಬೇಕು, ಸೋರಬಾರದು ಅಂದ್ರೆ ಪ್ರತಿ ತಗ್ಗಿಸಬೇಕು. ಕ್ಷೇತ್ರಕಾರ್ಯದ ಸಾಮಗ್ರಿಯಲ್ಲಿ ಇವೆರಡೂ ಒಂದೇ ಫೈಲಿನೊಳಗೆ ಇರ್ತವೆ, ಹಾಡು ಮೊದಲ ಹತ್ತು ನಿಮಿಷ, ಹೊಲದ ವ್ಯಾಜ್ಯ ಆಮೇಲಿನ ಅರ್ಧ ತಾಸು.

ಈಚಿನ ಕಾಲದ ವಿಶ್ವವಿದ್ಯಾಲಯಗಳು ಇದರಲ್ಲಿ ಹೇಗೆ ಎಡವಿವೆ ಅನ್ನೋದಕ್ಕೆ ಒಂದೆರಡು ಪ್ರಸಂಗ ಸಾಕು. 2005ರ ಮಾರ್ಚ್ 11ರಂದು ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕಚೇರಿಯಲ್ಲಿ ಯಾರೂ ಇಲ್ಲದ ಸ್ವಲ್ಪ ಹೊತ್ತಿನಲ್ಲಿ ಒಬ್ಬಾಕೆ ಒಳಬಂದು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದಳು. ಅದರಲ್ಲಿ 98,000ಕ್ಕೂ ಹೆಚ್ಚು ವಿದ್ಯಾರ್ಥಿಗಳ, ಅರ್ಜಿದಾರರ ಹೆಸರು ಮತ್ತು ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇದ್ದವು, ನಮ್ಮ ಆಧಾರ್ ಸಂಖ್ಯೆ ಇದ್ದ ಹಾಗೆ ಅಂತ ಇಟ್ಕೊಳ್ಳಿ. ಫೈಲುಗಳಿಗೆ ಗೂಢಲಿಪಿಯ ರಕ್ಷಣೆ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2003ರಿಂದ ಇದ್ದ ಕಾನೂನಿನ ಪ್ರಕಾರ ಅಷ್ಟೂ ಮಂದಿಗೆ ತಿಳಿಸಬೇಕಾಯಿತು. ಯಂತ್ರ ಕೈ ಬದಲಾಗಿ, ಇಬೇಯಲ್ಲಿ ಮಾರಾಟವಾಗಿ, ದೇಶದ ಇನ್ನೊಂದು ತುದಿಯ ಸೌತ್ ಕೆರೊಲಿನಾದಲ್ಲಿ ಸಿಕ್ಕಿತು. ಕದ್ದವಳಿಗೆ ಬೇಕಾಗಿದ್ದದ್ದು ಬಹುಶಃ ಯಂತ್ರ ಮಾತ್ರ. ಆದರೂ 98,000 ಜನ ತಿಂಗಳುಗಟ್ಟಲೆ ತಮ್ಮ ಹೆಸರಲ್ಲಿ ಯಾರು ಸಾಲ ತೆಗೀತಾರೋ ಅಂತ ನೋಡ್ತಾ ಕೂರಬೇಕಾಯಿತು.

ಇನ್ನೊಂದು ರದ್ದಿಯ ಕತೆ. ಎಂಐಟಿಯ ಇಬ್ಬರು ಸಂಶೋಧನ ವಿದ್ಯಾರ್ಥಿಗಳು, ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್, 2000 ಮತ್ತು 2002ರ ನಡುವೆ 158 ಹಳೆಯ ಹಾರ್ಡ್ ಡಿಸ್ಕುಗಳನ್ನು ಸೆಕೆಂಡ್ ಹ್ಯಾಂಡ್ ಕೊಂಡು ನೋಡಿದರು. ಓದಲು ಬಂದವು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದವು ಬರೀ 12. ಉಳಿದವುಗಳಲ್ಲಿ ಪತ್ರಗಳು, ವೈದ್ಯಕೀಯ ವಿವರಗಳು, 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು. ಡಿಲೀಟ್ ಒತ್ತಿದರೆ ವಿಷಯಸೂಚಿಯ ಸಾಲು ಮಾತ್ರ ಹೋಗ್ತದೆ, ಅಧ್ಯಾಯ ಹಾಗೇ ಇರ್ತದೆ. 2008ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಂಪ್ಯೂಟರಿನ ತಾತ್ಕಾಲಿಕ ಸ್ಮೃತಿಯ ಚಿಪ್ಪು ವಿದ್ಯುತ್ ಹೋದ ಮೇಲೂ ಕೆಲ ಕ್ಷಣ ತನ್ನಲ್ಲಿದ್ದದ್ದನ್ನು ಹಿಡಿದಿಟ್ಟುಕೊಂಡಿರ್ತದೆ, ತಣ್ಣಗೆ ಮಾಡಿದರೆ ಇನ್ನೂ ಹೆಚ್ಚು ಹೊತ್ತು. ಆ ಸಂದಿನಲ್ಲಿ ಗೂಢಲಿಪಿಯ ಕೀಲಿಕೈಯನ್ನೇ ಎತ್ತಬಹುದು ಅಂತ ತೋರಿಸಿದರು. ನಮ್ಮ ಮಟ್ಟಿಗೆ ಇದರ ಅರ್ಥ ಸರಳ: ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ನಿದ್ದೆಯಲ್ಲಿದೆ, ಅದರ ಕೀಲಿಕೈ ಬಾಗಿಲಲ್ಲೇ ನೇತಾಡ್ತಿದೆ. ಬಸ್ಸು ಹತ್ತುವಾಗ ಪೂರ್ತಿ ಶಟ್‌ಡೌನ್ ಮಾಡಬೇಕು.

ಇಷ್ಟು ದೂರದ ಉದಾಹರಣೆ ಬೇಡ ಅನ್ನೋರಿಗೆ ಹತ್ತಿರದ್ದೇ ಇದೆ. ಗಡಿಯಾಚೆಯ ಒಂದು ಕಾಲೇಜಿನಲ್ಲಿ ನನ್ನ ಗೆಳತಿಯೊಬ್ಬಳು ಎರಡು ವರ್ಷ ಹೊಲಗೆಲಸದ ಹೆಣ್ಣುಮಕ್ಕಳ ಹಾಡು ಮತ್ತು ಮಾತು ಸಂಗ್ರಹಿಸಿದ್ದಳು. ವಿಭಾಗದವರು ಹೇಳಿದಂತೆ ಎಲ್ಲವನ್ನೂ ವಿಭಾಗದ ಕಂಪ್ಯೂಟರಿಗೆ ಹಾಕಿದಳು. ದೀಪಾವಳಿ ರಜೆಯಲ್ಲಿ ಕಿಟಕಿ ಸರಳು ಬಗ್ಗಿಸಿ ಯಾರೋ ಕಂಪ್ಯೂಟರ್ ಒಯ್ದರು. ದೂರಿನಲ್ಲಿ ಬರೆದದ್ದು ಕಂಪ್ಯೂಟರ್ ಒಂದು, ಮಾನಿಟರ್ ಒಂದು, ಅಂದಾಜು ಬೆಲೆ ಇಷ್ಟು ಅಂತ. ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಒಂದು ಸಾಲು ಹೊಡೆದುಹಾಕಿದರು, ಅಲ್ಲಿಗೆ ಮುಗೀತು. ಹಾಡಿದವರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು. ಬದುಕಿದ್ದವರಿಗೆ 'ನಿಮ್ಮ ಮಾತು ಬೇರೆಯವರ ಕೈಗೆ ಹೋಗಿದೆ' ಅಂತ ಹೇಳಬೇಕಾದ ಹೊಣೆ ಯಾರದು ಅಂತ ಅವಳು ಕೇಳಿದಾಗ ಆ ಪ್ರಶ್ನೆಯೇ ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಬರ್ಕಲಿಯಲ್ಲಿ 98,000 ಪತ್ರ ಹೋದವು. ಇಲ್ಲಿ ಒಂಬತ್ತು ಮನೆಗೆ ಹೋಗಿಬರಬೇಕಿತ್ತು. ಕೊನೆಗೆ ಅವಳೇ ಬಸ್ಸು ಹಿಡಿದು ಹೋಗಿ ಹೇಳಿಬಂದಳು.

ಕಾನೂನಿನ ಕಡೆಯಿಂದ ನೋಡಿದರೆ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ಸಂಶೋಧನೆಗೆ ಷರತ್ತಿನ ಮೇಲೆ ವಿನಾಯಿತಿ ಇದೆ. ವಿನಾಯಿತಿ ಇದೆ ಅಂತ ನೆಮ್ಮದಿಯಾಗಿ ಕೂರುವ ಅಧ್ಯಾಪಕರನ್ನು ನಾನು ಕಂಡಿದ್ದೇನೆ. ಅಜ್ಜಿ ನಮ್ಮನ್ನು ನಂಬಿ ಮಾತಾಡಿದ್ದು ಯಾವ ಕಲಮು ಓದಿ?

ವಿಭಾಗಗಳಲ್ಲಿ ಏನು ಮಾಡಬಹುದು ಅಂತ ಹೇಳಿ ನನ್ನ ಮಾತು ಮುಗಿಸ್ತೀನಿ. ಹೆಸರು, ಊರು ಇರೋ ಪಟ್ಟಿಯನ್ನೂ ದನಿಯ ಫೈಲನ್ನೂ ಬೇರೆ ಬೇರೆ ಕಡೆ ಇಡಬೇಕು. ಫೈಲಿಗೆ ಹೆಸರಿನ ಬದಲು ಒಂದು ಅಂಕಿ ಸಾಕು. ಪಟ್ಟಿ ಕಾಗದದಲ್ಲಿದ್ದರೆ ಕಬ್ಬಿಣದ ಕಪಾಟಿನಲ್ಲಿ, ಕೀಲಿಕೈ ಸಿಪಾಯಿಯ ಮೊಳೆಗೆ ನೇತುಹಾಕದೆ. ಡಿಸ್ಕನ್ನು ಮೊದಲ ದಿನದಿಂದಲೇ ಗೂಢಲಿಪಿಯಲ್ಲಿ ಇಡಬೇಕು, ಯಾಕಂದ್ರೆ ಈಗಿನ ಎಸ್‌ಎಸ್‌ಡಿಗಳಲ್ಲಿ ಆಮೇಲೆ ಅಳಿಸ್ತೀನಿ ಅಂದ್ರೆ ಪೂರ್ತಿ ಅಳಿಯೋ ಭರವಸೆ ಇಲ್ಲ. ಗುಪ್ತಪದವನ್ನು ಎರಡು ತುಂಡು ಮಾಡಿ, ಮುಚ್ಚಿದ ಲಕೋಟೆಯಲ್ಲಿ ಒಂದು ವಿಭಾಗದ ಮುಖ್ಯಸ್ಥರ ಹತ್ತಿರ, ಇನ್ನೊಂದು ಮಾರ್ಗದರ್ಶಕರ ಹತ್ತಿರ, ಆಕ್ಸ್‌ಫರ್ಡ್‌ನ ಪೆಟ್ಟಿಗೆಯ ಹಾಗೆ. ಇಲ್ಲವಾದರೆ ವಿದ್ಯಾರ್ಥಿಗೆ ಏನಾದರೂ ಆದರೆ ಸಂಗ್ರಹವೇ ಸತ್ತುಹೋಗ್ತದೆ. ಎರಡನೆಯ ಪ್ರತಿ ಬೇರೆ ಊರಲ್ಲಿ. ಹಾಡು ಮತ್ತು ಮಾತನ್ನು ಅವತ್ತೇ ರಾತ್ರಿ ಬೇರೆ ಮಾಡಿದರೆ ಹಾಡಿಗೆ ಅತ್ತಿಮಬ್ಬೆಯ ದಾರಿ, ಮಾತಿಗೆ ಸಿದ್ಧಾಂತ ಬಸದಿಯ ದಾರಿ ಹಿಡಿಯಬಹುದು.

ಸಂವಾದ

ಕಾಸರಗೋಡಿನ ಅಧ್ಯಾಪಕರೊಬ್ಬರು: ಚೆನ್ನಾಗಿ ಹೇಳಿದಿರಿ. ಆದರೆ ನಮ್ಮಲ್ಲಿ ಮಂಜೇಶ್ವರದ ಗೋವಿಂದ ಪೈಗಳ ಗ್ರಂಥಸಂಗ್ರಹವೇ ಕೊನೆಗೆ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಹೋಯಿತು. ಅಲ್ಲಿ ಚೆನ್ನಾಗಿಯೇ ಇದೆ, ಆ ಮಾತು ಬೇರೆ. ಎರಡನೆಯ ಪ್ರತಿ ಬೇರೆ ಊರಲ್ಲಿ ಅಂದರೆ ಮತ್ತೆ ಎಲ್ಲವೂ ಕರ್ನಾಟಕಕ್ಕೇ ಹೋಗುವುದಿಲ್ಲವಾ?

ಉತ್ತರ: ಸರ್, ಅದಕ್ಕೇ ಎರಡನೆಯ ಪ್ರತಿ ಇನ್ನೊಂದು ಗಡಿ ಸೀಮೆಗೆ ಹೋಗಲಿ ಅಂತ ನನ್ನ ಆಸೆ. ಅಕ್ಕಲಕೋಟೆಯದು ನಿಮ್ಮಲ್ಲಿ, ನಿಮ್ಮದು ನಮ್ಮಲ್ಲಿ. ಗೂಢಲಿಪಿಯಲ್ಲಿ ಇರೋದ್ರಿಂದ ನಾವು ತೆಗೆದು ಕೇಳೋದಕ್ಕೆ ಆಗೋದಿಲ್ಲ, ಕಾಯೋದಕ್ಕೆ ಆಗ್ತದೆ.

ನೀಲಗಿರಿಯ ಸಂಶೋಧಕಿಯೊಬ್ಬರು: ಮಾತಾಡಿದವರಿಗೇ ಒಂದು ಪ್ರತಿ ಕೊಡಬೇಕಾ? ಕೊಟ್ಟರೆ ಅವರ ಮನೆಯಿಂದಲೇ ಸೋರಬಹುದಲ್ಲ.

ಉತ್ತರ: ಕೊಡಬೇಕು ಮೇಡಂ. ಕೇಂಬ್ರಿಜ್‌ನಲ್ಲಿ ಪೆಟ್ಟಿಗೆ ಒಡೆದವರಿಗೆ ಆ ಕಾಗದದ ಮೇಲೆ ಯಾವ ಹಕ್ಕೂ ಇರಲಿಲ್ಲ ಅಂತ ಆಗಲೇ ಹೇಳಿದ್ದೆ. ದನಿ ಅವರದು. ಅವರ ಮನೆಯಿಂದ ಹೊರಗೆ ಹೋದರೆ ಅದು ಅವರ ಇಚ್ಛೆ. ನಾವು ಕಾಯಬೇಕಾದ್ದು ನಮ್ಮ ಕಪಾಟನ್ನು.

ತಾಳವಾಡಿಯ ವಿದ್ಯಾರ್ಥಿಯೊಬ್ಬರು: ನಮ್ಮ ಬೆಟ್ಟದ ಹಳ್ಳಿಗಳಲ್ಲಿ ಕಳ್ಳರ ಭಯಕ್ಕಿಂತ ತೇವದ ಭಯ ಜಾಸ್ತಿ ಅಣ್ಣ. ಹಾರ್ಡ್ ಡಿಸ್ಕು ಎರಡು ಮಳೆಗಾಲ ತಡೆಯೋದೇ ಕಷ್ಟ.

ಉತ್ತರ: ಹೌದು, ಓಲೆಗರಿಯವರಿಗೂ ಅದೇ ಕಾಟ ಇತ್ತು. ಅವರು ಮರದ ಹಲಗೆ ನಡುವೆ ಬಿಗಿದು, ಬಟ್ಟೆ ಸುತ್ತಿ, ಹುಳ ಬಾರದ ಹಾಗೆ ಎಣ್ಣೆ ಸವರಿ, ಆಗಾಗ ಬಿಚ್ಚಿ ನೋಡ್ತಿದ್ದರು. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಮೂರು ತಿಂಗಳಿಗೊಮ್ಮೆ ತೆಗೆದು ಯಂತ್ರಕ್ಕೆ ಹಾಕಿ ಫೈಲುಗಳು ತೆರೀತಾವಾ ನೋಡಿ, ಪೊಟ್ಟಣ ಬದಲಾಯಿಸಿ. ಒಂದು ಪ್ರತಿ ಬಯಲು ಸೀಮೆಯ ಕಡೆ ಕಳಿಸಿಬಿಡಿ. ಸೊಲ್ಲಾಪುರದ ಬಿಸಿಲು ಅಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.